ನೀರಿಗಿಳಿದ ಗಾಡಿಯ ತೂಕವೆಷ್ಟು?

ಬೇಲೂರಿನ ಪಕ್ಕ ಯಗಚಿ ನದಿಗೆ ಅಣೆಕಟ್ಟೆ ಎದ್ದದ್ದು 2001ರಲ್ಲಿ. ಕಟ್ಟಿದ್ದು ನೀರಾವರಿಗೆ. ಆಮೇಲೆ ಹಿನ್ನೀರಿಗೆ ಸ್ಪೀಡ್ ಬೋಟ್, ಜೆಟ್ ಸ್ಕೀ, ಬನಾನಾ ರೈಡ್ ಎಲ್ಲ ಬಂದವು. ಈಗ ಜಾವಗಲ್, ಹಳೇಬೀಡು, ಅರಸೀಕೆರೆ ಕಡೆಯ ಮಕ್ಕಳು ರಜೆ ಬಂತೆಂದರೆ ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಮನೆಯಲ್ಲಿ ಹಟ ಹಿಡಿಯುತ್ತಾರೆ. ದೋಣಿ ನೀರಿನ ಮೇಲೆ ಹಾರುವುದನ್ನು ಎಲ್ಲರೂ ನೋಡುತ್ತಾರೆ. ಅದು ರಸ್ತೆಯಿಂದ ನೀರಿಗೆ ಇಳಿಯುವುದು ಹೇಗೆ ಎಂದು ವಿಚಾರಿಸುವವರು ಕಡಿಮೆ.

ನಮ್ಮ ಹಳೆಯ ಹರಿಗೋಲಿಗೆ ಈ ಪ್ರಶ್ನೆಯೇ ಇರಲಿಲ್ಲ. ಅಂಬಿಗ ಅದನ್ನು ಬೆನ್ನ ಮೇಲೆ ಬೋರಲು ಹಾಕಿಕೊಂಡು ನಡೆದುಬಂದು ನೀರಿಗೆ ಎಸೆಯುತ್ತಿದ್ದ. ಫೈಬರ್‌ನ ಮೋಟಾರು ದೋಣಿ ಹಾಗಲ್ಲ. ಎಂಜಿನ್ ಸೇರಿದರೆ ಸಾಧಾರಣ ಗಾತ್ರದ್ದೇ ಆರೇಳು ನೂರು ಕೆ.ಜಿ. ತೂಗುತ್ತದೆ. ಅದಕ್ಕೆ ಎರಡು ಚಕ್ರದ ಟ್ರೈಲರ್ ಬೇಕು, ಎಳೆಯಲು ಜೀಪೋ ಟ್ರ್ಯಾಕ್ಟರೋ ಬೇಕು, ದಡದಲ್ಲಿ ಇಳಿಜಾರು ಬೇಕು. ಟ್ರೈಲರನ್ನು ಹಿಮ್ಮುಖವಾಗಿ ನೀರಿಗೆ ಬಿಡುತ್ತಾರೆ. ದೋಣಿ ತೇಲಿಕೊಂಡ ಮೇಲೆ ಅದನ್ನು ಹಿಂದಕ್ಕೆ ತಳ್ಳಿ, ಖಾಲಿ ಟ್ರೈಲರನ್ನು ದಡಕ್ಕೆ ಎಳೆದುಕೊಳ್ಳುತ್ತಾರೆ. ಕೇಳಿದರೆ ಇಷ್ಟೇ. ಆದರೆ ಕೆಲವು ಟ್ರೈಲರ್‌ಗಳು, ಅದರಲ್ಲೂ ಅಲ್ಯೂಮಿನಿಯಂ ಚೌಕಟ್ಟಿನವು, ಈ ಹೊತ್ತಿನಲ್ಲಿ ಒಂದು ತರಲೆ ಮಾಡುತ್ತವೆ. ದೋಣಿಯ ಜೊತೆ ತಾವೂ ಏಳುತ್ತವೆ. ಮುನ್ನೂರು ಕೆ.ಜಿ. ಲೋಹದ ಗಾಡಿಯ ಹಿಂಭಾಗ ನೆಲ ಬಿಟ್ಟು, ಗಾಳಿ ಬೀಸಿದ ಕಡೆಗೆ ವಾಲಾಡತೊಡಗುತ್ತದೆ.

ಲೋಹ ತೇಲುವುದೆಂದರೇನು? ದೋಣಿ ಇಲ್ಲದವರಿಗೂ ಇದರ ಉತ್ತರ ಬೇಕಾಗುತ್ತದೆ. ಕೆರೆ ಕೋಡಿ ಬಿದ್ದಾಗ ರಸ್ತೆ ಮೇಲಿನ ನೀರಿನಲ್ಲಿ ಕಾರು ದಾಟಿಸಲು ಹೊರಡುವವರ ಮುಂದೆಯೂ ಇದೇ ಲೆಕ್ಕ ಇರುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. ನೀರಿಗಿಳಿದ ವಸ್ತು ಎಷ್ಟು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಳ್ಳುತ್ತದೋ ಅಷ್ಟು ಕೆ.ಜಿ. ಭಾರವನ್ನು ನೀರು ಕೆಳಗಿನಿಂದ ಹೊತ್ತುಕೊಳ್ಳುತ್ತದೆ. ಆರ್ಕಿಮಿಡೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಕಂಡುಕೊಂಡದ್ದು ಇದನ್ನೇ. ಬಾವಿಯಿಂದ ನೀರು ಸೇದಿದವರ ಕೈಗೂ ಇದು ಗೊತ್ತು: ಕೊಡ ನೀರಿನೊಳಗಿರುವವರೆಗೆ ಹಗ್ಗ ಹಗುರ, ನೀರಿನ ಮೇಲೆ ಬಂದ ಕ್ಷಣ ತೋಳು ಜಗ್ಗುತ್ತದೆ.

ಇಲ್ಲಿ ವಸ್ತುವಿನ ತೂಕವೊಂದನ್ನೇ ನೋಡಿದರೆ ಸಾಲದು, ಆ ತೂಕ ಎಷ್ಟು ಜಾಗ ಹಿಡಿದಿದೆ ಎಂಬುದನ್ನೂ ನೋಡಬೇಕು. ಉಕ್ಕು ನೀರಿಗಿಂತ ಸುಮಾರು 7.85 ಪಟ್ಟು ಸಾಂದ್ರ, ಅಲ್ಯೂಮಿನಿಯಂ 2.7 ಪಟ್ಟು. ಹಾಗಾಗಿ 100 ಕೆ.ಜಿ. ಉಕ್ಕು ನೀರಿನೊಳಗೆ ಸುಮಾರು 87 ಕೆ.ಜಿ.ಯಷ್ಟು ತೂಗುತ್ತದೆ. 100 ಕೆ.ಜಿ. ಅಲ್ಯೂಮಿನಿಯಂ 63ಕ್ಕೆ ಇಳಿಯುತ್ತದೆ. ಎರಡೂ ಮುಳುಗುವ ಲೋಹಗಳೇ, ಒಂದು ಇನ್ನೊಂದಕ್ಕಿಂತ ಬಹಳ ಹಗುರವಾಗಿ ಮುಳುಗುತ್ತದೆ ಅಷ್ಟೇ. ಇದಿಷ್ಟರಿಂದಲೇ ಟ್ರೈಲರ್ ತೇಲುವುದಿಲ್ಲ. ಲೋಹ ಕೆಳಕ್ಕೆ ಎಳೆಯುವಾಗ ಮೇಲಕ್ಕೆ ಎಳೆಯುವವರು ಬೇರೆ ಇದ್ದಾರೆ.

ಮೊದಲನೆಯದು ಚಕ್ರ. ಹದಿಮೂರು ಇಂಚು ರಿಮ್ಮಿನ ಸಾಧಾರಣ ಟ್ರೈಲರ್ ಚಕ್ರ ತೆಗೆದುಕೊಳ್ಳಿ. ಟೈರು ಸೇರಿ ಸುಮಾರು 61 ಸೆಂ.ಮೀ. ಎತ್ತರ, 17 ಸೆಂ.ಮೀ. ಚಿಲ್ಲರೆ ಅಗಲ. ರಿಮ್ಮಿನ ಒಳಗಿನ ಖಾಲಿ ಜಾಗ ಕಳೆದರೂ ಅದು ಸುಮಾರು 35 ಲೀಟರ್ ನೀರು ಸರಿಸುತ್ತದೆ. ಚಕ್ರದ ತೂಕವೋ ಹದಿನೈದು ಹದಿನಾರು ಕೆ.ಜಿ. ಅಂದರೆ ಪ್ರತಿ ಚಕ್ರವೂ ತನ್ನ ಭಾರ ಕಳೆದು ಇನ್ನೂ ಹತ್ತೊಂಬತ್ತು ಇಪ್ಪತ್ತು ಕೆ.ಜಿ. ಎತ್ತಬಲ್ಲದು. ಲಾರಿ ಟ್ಯೂಬಿಗೆ ಗಾಳಿ ತುಂಬಿ ಅದರ ಮೇಲೆ ಕೂತು ಮೀನು ಹಿಡಿಯುವವರನ್ನು ನಮ್ಮ ಕೆರೆಗಳಲ್ಲಿ ನೋಡಿಲ್ಲದವರು ಯಾರು? ಟ್ರೈಲರಿನ ಎರಡು ಬದಿಗೂ ಅಂಥದೇ ಒಂದೊಂದನ್ನು ಕಟ್ಟಿದಂತಾಯಿತು. ಎರಡನೆಯದು, ದೋಣಿಯ ತಳ ಒರಗಲು ಇಟ್ಟಿರುವ ಮರದ ಪಟ್ಟಿಗಳು. ಮೂರನೆಯದು ಚೌಕಟ್ಟಿನ ಕೊಳವೆಗಳೊಳಗೆ ಸಿಕ್ಕಿಬಿದ್ದ ಗಾಳಿ. ಇದು ಹೊರಗೆ ಕಾಣುವುದಿಲ್ಲ, ಎಲ್ಲರೂ ಮರೆಯುವುದೂ ಇದನ್ನೇ.

ಒಂದು ಲೆಕ್ಕ ಕಟ್ಟೋಣ. ಚೌಕಟ್ಟಿನ ಅಲ್ಯೂಮಿನಿಯಂ 150 ಕೆ.ಜಿ., ಅಚ್ಚು, ಪಟ್ಟಾ, ವಿಂಚ್, ಬೋಲ್ಟು ಇತ್ಯಾದಿ ಉಕ್ಕಿನ ಸಾಮಾನು 100, ಮರ 20, ಎರಡು ಚಕ್ರ 32. ರಸ್ತೆಯ ಮೇಲೆ ಒಟ್ಟು 302 ಕೆ.ಜಿ. ಪೂರ್ತಿ ನೀರಿನೊಳಗೆ ಹೋದಾಗ ಅಲ್ಯೂಮಿನಿಯಂ 94 ಕೆ.ಜಿ.ಗೆ ಇಳಿಯುತ್ತದೆ, ಉಕ್ಕು 87ಕ್ಕೆ. ಮರ ತನ್ನ ಭಾರ ಕಳೆದು 13 ಕೆ.ಜಿ. ಮೇಲಕ್ಕೆ ಎಳೆಯುತ್ತದೆ, ಚಕ್ರಗಳು 38. ಕೊನೆಗೆ ಉಳಿಯುವುದು 130 ಕೆ.ಜಿ. ಅರ್ಧಕ್ಕಿಂತಲೂ ಕಡಿಮೆ. ಆದರೂ ನೆಲದ ಮೇಲೆ ಕೂತಿರುತ್ತದೆ.

ಈಗ ಅದೇ ಚೌಕಟ್ಟಿನಲ್ಲಿ ನೂರು ಮಿ.ಮೀ.ಗೆ ಐವತ್ತು ಮಿ.ಮೀ. ಅಳತೆಯ, ನಾಲ್ಕು ಮಿ.ಮೀ. ದಪ್ಪದ ಆಯತಾಕಾರದ ಕೊಳವೆಯನ್ನು ಒಂದು 25 ಮೀಟರ್ ಬಳಸಿದ್ದಾರೆ, ತುದಿಗಳಿಗೆಲ್ಲ ನೀಟಾಗಿ ವೆಲ್ಡಿಂಗ್ ಮಾಡಿ ಮುಚ್ಚಿದ್ದಾರೆ ಎಂದುಕೊಳ್ಳಿ. ಅಂಥ ಕೊಳವೆಯ ಒಂದು ಮೀಟರಿನೊಳಗೆ ಹತ್ತಿರ ಹತ್ತಿರ ನಾಲ್ಕು ಲೀಟರ್ ಗಾಳಿ ಇರುತ್ತದೆ. 25 ಮೀಟರಿಗೆ 96 ಲೀಟರ್. ಆ 96 ಕೆ.ಜಿ.ಯನ್ನೂ ಕಳೆಯಿರಿ. ಮುನ್ನೂರು ಕೆ.ಜಿ.ಯ ಗಾಡಿ ನೆಲದ ಮೇಲೆ ಊರುವುದು 34 ಕೆ.ಜಿ. ಮಾತ್ರ. ಒಂದು ಸಿಮೆಂಟ್ ಮೂಟೆಗಿಂತ ಕಡಿಮೆ. ಚೌಕಟ್ಟಿನ ತೂಕ ಅಷ್ಟೇ ಇದ್ದು, ಅದರಲ್ಲಿ ಮುಚ್ಚಿದ ಕೊಳವೆಯ ಪಾಲು ಇನ್ನು ಹತ್ತು ಮೀಟರ್ ಜಾಸ್ತಿ ಇದ್ದರೆ ಅಷ್ಟೂ ಉಳಿಯುವುದಿಲ್ಲ, ಗಾಡಿ ತೇಲುತ್ತದೆ.

ಉಕ್ಕಿನ ಚೌಕಟ್ಟಾದರೆ? ಅಷ್ಟೇ ಗಟ್ಟಿತನಕ್ಕೆ 220 ಕೆ.ಜಿ. ಹಿಡಿದರೆ ಗಾಡಿ ಒಟ್ಟು 372. ತೆರೆದ ಚಾನೆಲ್, ಆ್ಯಂಗಲ್‌ಗಳಿಂದ ಮಾಡಿದ್ದರೆ ನೀರಿನೊಳಗೆ 228 ಉಳಿಯುತ್ತದೆ. ನಮ್ಮ ಕಡೆ ವೆಲ್ಡಿಂಗ್ ಅಂಗಡಿಯಲ್ಲಿ ಹೊಲಿದುಕೊಡುವ ಟ್ರೈಲರ್‌ಗಳು ಇದೇ ಜಾತಿಯವು, ಅದಕ್ಕೇ ಈ ತಕರಾರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಅಲ್ಯೂಮಿನಿಯಂ ಟ್ರೈಲರ್ ಉಪ್ಪುನೀರಿನವರ ಸರಕು. ಉಕ್ಕಿಗೆ ಸತುವಿನ ಲೇಪ ಕೊಟ್ಟರೂ ಸಮುದ್ರದ ನೀರಿಗೆ ಮತ್ತೆ ಮತ್ತೆ ಇಳಿಸಿದರೆ ತುಕ್ಕು ಬಿಡುವುದಿಲ್ಲ. ಫ್ಲಾರಿಡಾ, ಟೆಕ್ಸಾಸ್ ಕಡೆ ನೆಲೆಸಿ ದೋಣಿ ಇಟ್ಟುಕೊಂಡಿರುವ ನಮ್ಮವರಿಗೆ ಇದು ಪರಿಚಿತ. ಅಲ್ಲಿನ ಅನೇಕ ತಯಾರಕರು ಮುಚ್ಚಿದ ಕೊಳವೆಯ ಬದಲು ಇಂಗ್ಲಿಷಿನ ‘ಐ’ ಅಕ್ಷರದ ಆಕಾರದ ತೆರೆದ ತೊಲೆ ಬಳಸುತ್ತಾರೆ. ತೊಳೆಯಲು ಸುಲಭ, ಒಳಗೆ ಉಪ್ಪು ಕೂರುವುದಿಲ್ಲ, ಜೊತೆಗೆ ಗಾಳಿಯೂ ಸಿಕ್ಕಿಬೀಳುವುದಿಲ್ಲ. ನಮ್ಮಲ್ಲಿ ಇನ್ನು ಮುಂದೆ ಹಗುರ ಎಂಬ ಆಸೆಗೆ ಅಲ್ಯೂಮಿನಿಯಂ ಕೊಳವೆ ಕೊಂಡು ಟ್ರೈಲರ್ ಮಾಡಿಸುವವರು ಈ ಮಾತನ್ನು ವೆಲ್ಡರ್ ಹತ್ತಿರ ಮೊದಲೇ ಆಡುವುದು ಒಳ್ಳೆಯದು.

ಇಷ್ಟಕ್ಕೂ ಗಾಡಿ ಪೂರ್ತಿ ತೇಲಬೇಕಾಗಿಲ್ಲ, ತೊಂದರೆ ಅದಕ್ಕೂ ಮೊದಲೇ ಶುರುವಾಗುತ್ತದೆ. ಮೂಕಿಯ ತುದಿ ಜೀಪಿನ ಕೊಕ್ಕೆಗೆ ಸಿಕ್ಕಿಕೊಂಡು ನೀರಿನಿಂದ ಹೊರಗೇ ಇರುತ್ತದೆ. ಮುಳುಗುವುದು ಹಿಂಭಾಗ. ಚಕ್ರ, ಮರ, ಕೊಳವೆಗಳ ಬಹುಭಾಗ ಎಲ್ಲ ಇರುವುದೂ ಅಲ್ಲೇ. ಹಿಂಭಾಗ ಹಗುರವಾದಾಗ ಟೈರು ನೆಲವನ್ನು ಬರೀ ಸವರುತ್ತಿರುತ್ತದೆ. ಮೇಲೆ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಜೀಪನ್ನು ಒಂದು ಗೇಣು ಮುಂದಕ್ಕೆ ಬಿಟ್ಟು ಟ್ರೈಲರ್ ಚಕ್ರವನ್ನೇ ನೋಡಬೇಕು. ನೀರು ತಿಳಿಯಾಗಿದ್ದರೆ ಟೈರಿನ ಅಂಚಿನ ಬರಹ ಕಾಣುತ್ತದೆ. ಚಕ್ರ ನೆಲ ಹಿಡಿದಿದ್ದರೆ ಬರಹ ತಿರುಗುತ್ತದೆ. ಗಾಡಿ ಮುಂದೆ ಬಂದರೂ ಬರಹ ಇದ್ದಲ್ಲೇ ಇದ್ದರೆ, ಗಾಡಿ ಉರುಳುತ್ತಿಲ್ಲ, ನೀರಿನಲ್ಲಿ ಜಾರುತ್ತಿದೆ ಎಂದರ್ಥ. ಆಗ ಅಡ್ಡಗಾಳಿ ಬೀಸಿದರೆ ಸಾಕು, ಮೂಕಿಯ ಗೂಟಕ್ಕೆ ಕಟ್ಟಿದ ಬಾಗಿಲಿನ ಹಾಗೆ ಇಡೀ ಟ್ರೈಲರ್ ಒಂದು ಕಡೆಗೆ ತಿರುಗುತ್ತದೆ. ಮೇಲಿರುವ ದೋಣಿ ಗಾಳಿಗೆ ಒಡ್ಡಿದ ಅಗಲವಾದ ಗೋಡೆ. ದೋಣಿಯನ್ನು ವಾಪಸು ಹತ್ತಿಸುವಾಗಲಂತೂ ಇನ್ನೂ ಫಜೀತಿ. ದೋಣಿ ನೇರ ಬರುತ್ತದೆ, ಅದು ಕೂರಬೇಕಾದ ಪಟ್ಟಿ ಅಡ್ಡ ತಿರುಗಿರುತ್ತದೆ. ದಡಕ್ಕೆ ಎಳೆದಾಗ ದೋಣಿ ಒಂದು ಮಗ್ಗುಲಿಗೆ ಕೂತು ತಳ ಗೀಚಿಕೊಳ್ಳುತ್ತದೆ.

ಇನ್ನೊಂದು ಎಡವಟ್ಟು ಎಲ್ಲ ದೇಶದ ದಡಗಳಲ್ಲೂ ಆಗುತ್ತದೆ. ರಸ್ತೆಯ ಕುಲುಕಾಟಕ್ಕೆಂದು ದೋಣಿಯ ಹಿಂಭಾಗವನ್ನು ಟ್ರೈಲರಿಗೆ ಪಟ್ಟಿಯಿಂದ ಬಿಗಿದಿರುತ್ತಾರೆ. ಅದನ್ನು ಬಿಚ್ಚಲು ಮರೆತು ನೀರಿಗೆ ಬಿಟ್ಟರೆ ದೋಣಿ ಏಳುವಾಗ ಟ್ರೈಲರನ್ನೂ ಎತ್ತಿಕೊಂಡೇ ಏಳುತ್ತದೆ. ನೀರಿನೊಳಗೆ ಬರೀ 130 ಕೆ.ಜಿ. ತೂಗುವ ಗಾಡಿಯನ್ನು ಹೊರುವುದು ದೋಣಿಗೆ ಏನೇನೂ ಕಷ್ಟವಲ್ಲ. ಚಾಲಕ ಇನ್ನೂ ಆಳ ಬೇಕೇನೋ ಎಂದುಕೊಂಡು ಇನ್ನಷ್ಟು ಹಿಂದಕ್ಕೆ ಬಿಡುತ್ತಾನೆ. ಆಳ ಹೆಚ್ಚಿದಷ್ಟೂ ಎರಡೂ ಸೇರಿ ಇನ್ನೂ ಚೆನ್ನಾಗಿ ತೇಲುತ್ತವೆ. ದೋಣಿ ಟ್ರೈಲರನ್ನು ಬಿಡುತ್ತಿಲ್ಲವೆಂದರೆ ಮೊದಲು ನೋಡಬೇಕಾದ್ದು ಪಟ್ಟಿ. ಆಳದ ವಿಚಾರ ಆಮೇಲೆ.

ತೇಲುವ ಟ್ರೈಲರಿಗೆ ಪರಿಹಾರ ಏನು? ತೂಕ ಹಾಕಿ ಎನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಮಾತು. ಯಾವ ತೂಕ ಎನ್ನುವುದರಲ್ಲಿ ಗುಟ್ಟಿದೆ. ಪಕ್ಕದಲ್ಲೇ ಬಿದ್ದಿರುವ ಸೈಜುಗಲ್ಲು ಎತ್ತಿ ಕಟ್ಟಿದರೆ, ಗ್ರಾನೈಟು ಅಲ್ಯೂಮಿನಿಯಂನಷ್ಟೇ ಸಾಂದ್ರವಾದ್ದರಿಂದ 50 ಕೆ.ಜಿ. ಕಲ್ಲು ನೀರಿನೊಳಗೆ 31, 32 ಕೆ.ಜಿ.ಯ ಕೆಲಸವಷ್ಟೇ ಮಾಡುತ್ತದೆ. ಕಾಂಕ್ರೀಟ್ ದಿಮ್ಮಿ ಅದಕ್ಕಿಂತ ಕಡಿಮೆ, 29ರ ಆಸುಪಾಸು. ಉಕ್ಕಿನ ತಟ್ಟೆಯಾದರೆ 43, 44. ಇನ್ನು 50 ಲೀಟರ್ ನೀರಿನ ಕ್ಯಾನು ತುಂಬಿ ಕಟ್ಟಿದರೆ? ರಸ್ತೆಯ ಮೇಲೆ 50 ಕೆ.ಜಿ. ಹೊರೆ, ನೀರಿನೊಳಗೆ ಸೊನ್ನೆ. ನೀರಿನೊಳಗೆ ನೀರಿಗೆ ತೂಕವಿಲ್ಲ.

ಅದಕ್ಕಿಂತ ಅಗ್ಗದ ದಾರಿ ಕೊಳವೆಗೆ ತೂತು ಕೊರೆಯುವುದು. ತಗ್ಗಿನ ತುದಿಯಲ್ಲಿ ನೀರು ಒಳಗೆ ಬರಲು ಒಂದು, ಎತ್ತರದ ತುದಿಯಲ್ಲಿ ಗಾಳಿ ಹೊರಗೆ ಹೋಗಲು ಇನ್ನೊಂದು. ಒಂದೇ ಕೊರೆದರೆ ಗಾಳಿ ಒಳಗೇ ಉಳಿದು ನೀರನ್ನು ತಡೆಯುತ್ತದೆ. ಗಾಡಿ ದಡಕ್ಕೆ ಬಂದ ಮೇಲೆ ಅದೇ ತೂತುಗಳಿಂದ ನೀರು ಸೋರಿ ಹೋಗುತ್ತದೆ. ತೂತು ಮೂಲೆಯ ವೆಲ್ಡಿಂಗ್ ಹತ್ತಿರ, ಭಾರ ಬೀಳುವ ಕಡೆ ಇರಬಾರದು, ಬಿರುಕು ಶುರುವಾಗುವುದು ಅಂಥ ಕಡೆಯೇ. ನಮ್ಮ ಲೆಕ್ಕದ ಟ್ರೈಲರಿಗೆ ನಾಲ್ಕಾರು ತೂತು 96 ಕೆ.ಜಿ. ಹಿಡಿತ ಮರಳಿಸುತ್ತವೆ. ಅಷ್ಟೇ ಹಿಡಿತಕ್ಕೆ ಉಕ್ಕಿನ ತಟ್ಟೆ ಹಾಕುವುದಾದರೆ 110 ಕೆ.ಜಿ. ಬೇಕು. ಅದನ್ನು ರಸ್ತೆಯುದ್ದಕ್ಕೂ ಡೀಸೆಲ್ ಸುಟ್ಟು ಎಳೆಯುತ್ತಿರಬೇಕು.

ನಮ್ಮ ರೈತರು ಈ ವಿದ್ಯೆಯ ಇನ್ನೊಂದು ಮುಖವನ್ನು ಬಲ್ಲರು. ಉಳುಮೆಗೆ ಹಿಡಿತ ಸಾಲದಾದಾಗ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸುತ್ತಾರೆ. ಚಕ್ರವನ್ನು ಜಾಕಿನ ಮೇಲೆ ಎತ್ತಿ, ವಾಲ್ವು ಮೇಲಕ್ಕೆ ಬರುವಂತೆ ತಿರುಗಿಸಿ, ಪೈಪು ಸಿಕ್ಕಿಸುತ್ತಾರೆ. ನೀರು ಒಂದಷ್ಟು ಒಳಗೆ ಹೋದಂತೆ ಗಾಳಿ ಬುಸ್ಸೆಂದು ಹೊರಗೆ ಬರಲು ದಾರಿ ಬಿಡಬೇಕು, ಮತ್ತೆ ನೀರು, ಮತ್ತೆ ಗಾಳಿ. ವಾಲ್ವಿನ ಮಟ್ಟಕ್ಕೆ ಬಂದು ನೀರು ಆಚೆ ಚಿಮ್ಮಿದರೆ ಟೈರು ಮುಕ್ಕಾಲು ಪಾಲು ತುಂಬಿತು ಎಂದು ಲೆಕ್ಕ. ಉಳಿದ ಜಾಗಕ್ಕೆ ಗಾಳಿ ಹೊಡೆಯುತ್ತಾರೆ. ಹೊಲದಲ್ಲಿ ಆ ನೀರು ಪೂರ್ತಿ ತೂಕವಾಗಿ ದುಡಿಯುತ್ತದೆ. ಕೆರೆಗಿಳಿದರೆ ಅದು ತೂಕ ಸೇರಿಸುವುದಿಲ್ಲ, ಆದರೆ ಗಾಳಿಯ ಜಾಗವನ್ನು ತಾನು ಹಿಡಿದಿರುವುದರಿಂದ ಟೈರು ತೇಲದಂತೆ ನೋಡಿಕೊಳ್ಳುತ್ತದೆ. ಕ್ಯಾನಿನಲ್ಲಿ ಕಟ್ಟಿದ ನೀರು ದಂಡ, ಟೈರಿನೊಳಗಿನ ನೀರು ಉಪಯೋಗ. ವ್ಯತ್ಯಾಸ ಇರುವುದು ಅದು ಯಾವುದನ್ನು ಹೊರದೂಡಿದೆ ಎಂಬುದರಲ್ಲಿ. ಹಾಗೆಂದು ಹೆದ್ದಾರಿಯ ಮೇಲೆ ವೇಗವಾಗಿ ಓಡುವ ದೋಣಿ ಟ್ರೈಲರಿನ ಪುಟ್ಟ ಟೈರಿಗೆ ನೀರು ತುಂಬುವ ಸಾಹಸ ಬೇಡ. ಒಳಗಿನ ನೀರು ಕುಲುಕಿ ಗಾಡಿ ಹದ ತಪ್ಪುತ್ತದೆ. ಅದು ನಿಧಾನ ನಡೆಯುವ ಟ್ರ್ಯಾಕ್ಟರಿಗೆ ಹೇಳಿದ ಉಪಾಯ.

ಎಲ್ಲಕ್ಕಿಂತ ದೊಡ್ಡ ಪರಿಹಾರ ಖರ್ಚಿಲ್ಲದ್ದು: ಬೇಕಾದಷ್ಟೇ ಆಳಕ್ಕೆ ಇಳಿಸುವುದು. ಎಷ್ಟು ಬೇಕು ಎಂಬುದನ್ನು ಮನೆಯಲ್ಲೇ ಅಳೆದುಕೊಳ್ಳಬಹುದು. ದೋಣಿಯ ತಳ ಒರಗುವ ಪಟ್ಟಿ ನೆಲದಿಂದ 50 ಸೆಂ.ಮೀ. ಎತ್ತರವಿದೆ, ದೋಣಿ ತೇಲಲು 35 ಸೆಂ.ಮೀ. ನೀರು ಬೇಕು ಎಂದರೆ ಚಕ್ರದ ಬಳಿ 85ರಿಂದ 90 ಸೆಂ.ಮೀ. ಆಳ ಸಾಕು. 61 ಸೆಂ.ಮೀ. ಎತ್ತರದ ಟೈರು ಅಷ್ಟರಲ್ಲಿ ಪೂರ್ತಿ ಮುಳುಗಿರುತ್ತದೆ, ಅದನ್ನು ತಪ್ಪಿಸಲಾಗದು. ಅದಕ್ಕಿಂತ ಕೆಳಗೆ ಬಿಟ್ಟರೆ ಮೂಕಿಯ ಕಡೆಯ ಕೊಳವೆಗಳೂ ಒಂದೊಂದಾಗಿ ಮುಳುಗಿ ತೇಲುವ ಪಕ್ಷಕ್ಕೆ ಸೇರಿಕೊಳ್ಳುತ್ತವೆ.

ಇಲ್ಲಿ ದಡದ ಇಳಿಜಾರಿನ ಮಾತು ಬರುತ್ತದೆ. ನನ್ನ ಪ್ರಕಾರ ನಮ್ಮ ಕಡೆ ದೋಣಿವಿಹಾರದ ಯೋಜನೆ ಹಾಕುವವರು ಯೋಚಿಸದೆ ಬಿಡುವುದು ಇದನ್ನೇ. ಕೆರೆಗೆ ನೀರು ಬಂತೆಂದರೆ ಬೋಟಿಂಗ್ ಮಾಡುತ್ತೇವೆ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ದೋಣಿಗೆ ಹಣ ಇಡುತ್ತಾರೆ, ಟಿಕೆಟ್ ಕೌಂಟರಿಗೆ ಇಡುತ್ತಾರೆ, ಕಮಾನಿಗೂ ಇಡುತ್ತಾರೆ. ನೀರಿಗೆ ಇಳಿಸುವ ಕಾಂಕ್ರೀಟ್ ಇಳಿಜಾರಿಗೆ ಇಡುವುದಿಲ್ಲ. ಇಂಥ ಇಳಿಜಾರು ಎಂಟು ಮೀಟರಿಗೆ ಒಂದು ಮೀಟರ್ ತಗ್ಗುವಂತೆ ಇದ್ದರೆ ಹದವಾಗಿರುತ್ತದೆ. ಆಗ ಚಕ್ರದ ಬಳಿ 90 ಸೆಂ.ಮೀ. ಆಳ ಬೇಕೆಂದರೆ ಟ್ರೈಲರ್ ಚಕ್ರ ನೀರಿನ ಅಂಚಿನಿಂದ 7 ಮೀಟರ್ ಚಿಲ್ಲರೆ ಒಳಗೆ ಹೋಗಬೇಕು. ಎಳೆಯುವ ಜೀಪಿನ ಹಿಂದಿನ ಚಕ್ರ ಅಲ್ಲಿಂದ ಐದೂವರೆ ಮೀಟರ್ ಮುಂದಿದ್ದರೆ ಅದು ಸುಮಾರು 20 ಸೆಂ.ಮೀ. ನೀರಿನಲ್ಲಿರುತ್ತದೆ. ಪರವಾಗಿಲ್ಲ. ಅದೇ ಕೆರೆಯಂಗಳದ ಸಹಜ ದಡ ಹದಿನೈದಕ್ಕೆ ಒಂದರಂತೆ ಚಪ್ಪಟೆಯಾಗಿದ್ದರೆ ಟ್ರೈಲರ್ ಚಕ್ರ ಹದಿಮೂರೂವರೆ ಮೀಟರ್ ಒಳಗೆ ಹೋಗಬೇಕಾಗುತ್ತದೆ. ಜೀಪಿನ ಹಿಂಚಕ್ರ ಅರ್ಧ ಮೀಟರಿಗೂ ಹೆಚ್ಚು ನೀರಿನಲ್ಲಿ ನಿಲ್ಲುತ್ತದೆ. ಸೈಲೆನ್ಸರ್ ಮುಳುಗುತ್ತದೆ. ಅಡಿಯಲ್ಲಿರುವುದು ಗೋಡು.

ಅದರ ಮೇಲೆ ನಮ್ಮ ಜಲಾಶಯಗಳ ಸ್ವಭಾವ ಬೇರೆ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಿದವರಿಗೆ ಹೇಳಬೇಕಾಗಿಲ್ಲ: ಮಳೆಗಾಲದಲ್ಲಿ ಅದರ ಸುತ್ತ ನೀರು, ಬೇಸಗೆಯಲ್ಲಿ ಅದರ ಬಾಗಿಲಿಗೆ ನಡೆದುಕೊಂಡು ಹೋಗಬಹುದು. ತುಂಬಿದ ಮಟ್ಟ ನೋಡಿ ಕಟ್ಟಿದ ಇಳಿಜಾರು ಏಪ್ರಿಲ್ ಹೊತ್ತಿಗೆ ನೀರು ಮುಟ್ಟದೆ ಒಣನೆಲದಲ್ಲಿ ಮುಗಿದಿರುತ್ತದೆ. ಆಗ ಚಾಲಕ ಕಾಂಕ್ರೀಟ್ ಬಿಟ್ಟು ಮಣ್ಣಿಗಿಳಿಯಲೇಬೇಕು. ಇಂಥಲ್ಲಿ ಟ್ರ್ಯಾಕ್ಟರೇ ಸರಿ. ಹೊಗೆಕೊಳವೆ ಮೇಲಕ್ಕಿದೆ, ಹಿಂದಿನ ಅಚ್ಚಿನ ಮೇಲೆ ಭಾರವಿದೆ, ಚಿಕ್ಕ ಗೇರಿನಲ್ಲಿ ಆಮೆಯಂತೆ ಹೋಗಬಲ್ಲದು. ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಬರುವ ವಿದೇಶಿ ವಿಡಿಯೋ ನೋಡಿ ಯಾರೂ ಮರುಳಾಗುವುದು ಬೇಡ.

ನೀರಿಗೆ ಬಿಡುವ ಮೊದಲು ಇನ್ನೊಂದು ಎಚ್ಚರ, ಇದಕ್ಕೂ ಬಿಸಿಗೂ ಸಂಬಂಧ. ಹಾಸನದಿಂದಲೋ ಬೆಂಗಳೂರಿನಿಂದಲೋ ಓಡಿಬಂದ ಟ್ರೈಲರಿನ ಹಬ್ ಕಾದಿರುತ್ತದೆ. ಹಾಗೇ ತಣ್ಣೀರಿಗೆ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಹೀರುತ್ತದೆ. ಗ್ರೀಸು ಮಜ್ಜಿಗೆ ಬಣ್ಣಕ್ಕೆ ತಿರುಗಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ಕೈ ಇಟ್ಟರೆ ಸುಡದಷ್ಟು ಆರಲು ಬಿಡಬೇಕು. ಅಷ್ಟರಲ್ಲಿ ದೀಪದ ವೈರು ಬಿಚ್ಚಿ, ದೋಣಿಯ ತಳದ ಬಿರಡೆ ಹಾಕಿದೆಯೇ ನೋಡಿಕೊಂಡರೆ ಹೊತ್ತು ಸರಿಹೋಗುತ್ತದೆ.

ಇನ್ನು ಕೋಡಿಯ ಮಾತು. ಅರಸೀಕೆರೆ ಸೀಮೆ ಬರಗಾಲಕ್ಕೆ ಹೆಸರಾದದ್ದು, ಕೆರೆ ತುಂಬುವುದೇ ಅಪರೂಪ. ಆ ಕಾರಣಕ್ಕೇ ತುಂಬಿದಾಗ ನಮಗೆ ಅಭ್ಯಾಸವಿರುವುದಿಲ್ಲ. ಕೋಡಿ ನೀರು ರಸ್ತೆಯ ಮೇಲೆ ಮೊಣಕಾಲುದ್ದ ಹರಿಯುವಾಗ ಕಾರು ಭಾರವಿದೆ, ಏನಾಗುತ್ತದೆ ಎನ್ನುವ ಧೈರ್ಯ ಬರುತ್ತದೆ. ಲೆಕ್ಕ ಹಾಕಿ ನೋಡಿ. ಸಣ್ಣ ಕಾರು 800 ಕೆ.ಜಿ. ತೂಗುತ್ತದೆ. ಅದರ ತಳದ ವಿಸ್ತಾರ ಸುಮಾರು 4 ಚದರ ಮೀಟರ್. ನೀರು ತಳ ಮುಟ್ಟಿದ ಮೇಲೆ ಏರುವ ಪ್ರತಿ 10 ಸೆಂ.ಮೀ.ಗೆ 400 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, 400 ಕೆ.ಜಿ. ಭಾರ ಹೋಗುತ್ತದೆ. ಬಾಗಿಲ ಸಂದಿಯಿಂದ ನೀರು ಒಳಗೆ ನುಗ್ಗಲು ಹೊತ್ತು ಹಿಡಿಯುತ್ತದೆ, ಅಲ್ಲಿಯವರೆಗೆ ಕಾರು ಒಂದು ದೋಣಿಯೇ. ತಳ ನೆಲದಿಂದ 16 ಸೆಂ.ಮೀ. ಎತ್ತರದಲ್ಲಿದ್ದರೆ 26 ಸೆಂ.ಮೀ. ನೀರಿನಲ್ಲಿ ಕಾರಿನ ಅರ್ಧ ತೂಕ ಕಳೆದುಹೋಯಿತು, 36ರಲ್ಲಿ ಪೂರ್ತಿ. ಒಂದಡಿ ನೀರು ಸಣ್ಣ ಕಾರನ್ನೂ ಎರಡಡಿ ನೀರು ಬಹುಪಾಲು ವಾಹನಗಳನ್ನೂ ಒಯ್ಯಬಲ್ಲದು ಎಂದು ಅಮೆರಿಕದ ಹವಾಮಾನ ಇಲಾಖೆ ತನ್ನ ಜನರಿಗೆ ಎಚ್ಚರಿಸುವುದು ಇದೇ ಕಾರಣಕ್ಕೆ.

ನಿಂತ ನೀರಾದರೆ ಬರೀ ತೇಲುತ್ತದೆ. ಕೋಡಿಯ ನೀರು ನಿಂತದ್ದಲ್ಲ. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಅಡ್ಡ ಹರಿಯುವ ನೀರು 26 ಸೆಂ.ಮೀ. ಆಳದಲ್ಲಿ ಕಾರಿನ ಮಗ್ಗುಲಿಗೆ ನೂರು ಕೆ.ಜಿ.ಗೂ ಮೀರಿದ ತಳ್ಳು ಕೊಡುತ್ತದೆ. ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ, ಅರ್ಧ ತೂಕ ಕಳೆದುಕೊಂಡ ಟೈರುಗಳ ಹಿಡಿತವೂ ಹೆಚ್ಚುಕಮ್ಮಿ ಅಷ್ಟೇ. ವೇಗ ಇಮ್ಮಡಿಯಾದರೆ ತಳ್ಳು ನಾಲ್ಮಡಿಯಾಗುತ್ತದೆ, ಹಿಡಿತ ಎಳ್ಳಷ್ಟೂ ಹೆಚ್ಚುವುದಿಲ್ಲ.

ಟ್ರ್ಯಾಕ್ಟರಿಗೆ ಇದು ಅನ್ವಯಿಸದು ಎಂದುಕೊಳ್ಳುವವರಿದ್ದಾರೆ. ಟ್ರ್ಯಾಕ್ಟರ್ ಮಟ್ಟಿಗೆ ಸ್ವಲ್ಪ ನಿಜ, ಹಿಂದಿನ ಟ್ರೈಲರ್ ಮಟ್ಟಿಗೆ ಸುಳ್ಳು. ಮೂರು ಮೀಟರ್ ಉದ್ದ, 1.8 ಮೀಟರ್ ಅಗಲದ ತೊಟ್ಟಿಯೊಳಗೆ ನೀರು ಬೇಗ ನುಗ್ಗದಿದ್ದರೆ, ತಳದಿಂದ ಮೇಲಿನ ಪ್ರತಿ 10 ಸೆಂ.ಮೀ. ನೀರೂ 540 ಕೆ.ಜಿ. ಹೊರುತ್ತದೆ. ನೀರು ತಳಕ್ಕೆ ಬರುವ ಮೊದಲೇ ನಾಲ್ಕು ಟೈರುಗಳು ಒಂದಷ್ಟು ಭಾರ ಹೊತ್ತಾಗಿರುತ್ತವೆ. ಹುಲ್ಲೋ ಖಾಲಿ ಡ್ರಮ್ಮೋ ತುಂಬಿದ್ದರೆ ಇನ್ನೂ ಹಗುರ. ಹಿಂಭಾಗ ಅಡ್ಡ ತಿರುಗಿತೆಂದರೆ ಅದು ಮೂಕಿಯಿಂದ ಟ್ರ್ಯಾಕ್ಟರಿನ ಹಿಂಚಕ್ರಗಳನ್ನು ಪಕ್ಕಕ್ಕೆ ಎಳೆಯುತ್ತದೆ. ಜಾತ್ರೆಗೋ ಮದುವೆಗೋ ಹೊರಟ ಜನ ತೊಟ್ಟಿಯಲ್ಲಿರುವಾಗ ಹಳ್ಳ ಬಂದಿದ್ದರೆ ಎಲ್ಲರನ್ನೂ ಈಚೆ ದಡದಲ್ಲೇ ಇಳಿಸಬೇಕು, ಗಾಡಿ ಕೂಡ ಇಲ್ಲೇ ನಿಲ್ಲಬೇಕು. ಮಳೆ ನಿಂತರೆ ನಮ್ಮ ಕಡೆಯ ಸಣ್ಣ ಹಳ್ಳಗಳು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಕೆರೆಯ ಕೋಡಿಯಾದರೆ ದಿನಗಟ್ಟಲೆ ಹರಿಯಬಹುದು, ಅಲ್ಲಿ ಕಾಯುವ ಬದಲು ಬಳಸು ದಾರಿ ಹಿಡಿಯುವುದೇ ಸರಿ.